ಅಡಿಕೆ ಗಾತ್ರದ ಕಲ್ಲು, ಸಣ್ಣ ಕೊಯ್ತ, ದೊಡ್ಡ ಬಲೂನು

ಹೋದ ತಿಂಗಳು ಚನ್ನಗಿರಿ ಕಡೆಯ ಒಬ್ಬ ಅಜ್ಜಿಯ ಪಿತ್ತನಾಳದಿಂದ (ಲಿವರ್‌ನಿಂದ ಕರುಳಿಗೆ ಪಿತ್ತ ಹರಿಯುವ ನಾಳ), ಬಾಯಿಯ ಮೂಲಕ ಎಂಡೋಸ್ಕೋಪ್ ಇಳಿಸಿ ತೆಗೆದ ಕಲ್ಲನ್ನು ಅವರ ಮಗನ ಅಂಗೈ ಮೇಲೆ ಇಟ್ಟೆ. ತೋಟದ ಮನುಷ್ಯ. ಹಿಂದೆ ಮುಂದೆ ತಿರುಗಿಸಿ ನೋಡಿ, "ಸುಲಿದ ಅಡಿಕೆ ಇದ್ದಂಗೆ ಐತಲ್ರೀ ಸರ್" ಎಂದ. 17 ಮಿಮೀ ಇತ್ತು. ಒಡೆಯದೆ, ಇಡಿಯಾಗಿ, ಒಂದೇ ಸಲಕ್ಕೆ ಬಂದಿತ್ತು. ಇದೇ ಅಜ್ಜಿಗೆ ಎರಡು ಆಸ್ಪತ್ರೆಗಳಲ್ಲಿ ಸ್ಟೆಂಟ್ (ಪಿತ್ತ ಹರಿಯಲಿ ಎಂದು ನಾಳದಲ್ಲಿ ಇಡುವ ಸಣ್ಣ ಕೊಳವೆ) ಹಾಕಿ "ಬೆಂಗಳೂರಿಗೆ ಹೋಗಿ" ಎಂದು ಬರೆದುಕೊಟ್ಟಿದ್ದರು.

ದೊಡ್ಡ ಕಲ್ಲು ತೆಗೆಯೋದು ದಾವಣಗೆರೆಯಲ್ಲಿ ಆಗೋದಿಲ್ಲ ಎನ್ನುವ ಮಾತನ್ನು ನಾನು ಇಲ್ಲಿ ಕೆಲಸ ಶುರು ಮಾಡಿದ ದಿನದಿಂದ ಕೇಳುತ್ತಿದ್ದೇನೆ. ಆಗುತ್ತದೆ. ಆದರೆ ಅಲ್ಲಿಗೆ ಬರುವ ಮೊದಲು ನಾನು ಎಡವಿದ್ದು ಕಡಿಮೆಯೇನಲ್ಲ.

ಮೊದಲು ಎಲ್ಲರ ಹಾಗೆ ನಾನೂ ಪೂರ್ತಿ ಸ್ಫಿಂಕ್ಟರೋಟಮಿ ಮಾಡಿ (ನಾಳ ಕರುಳಿಗೆ ತೆರೆಯುವ ಬಾಯಿಯ ಸ್ನಾಯು ಕೊಯ್ದು), ತಂತಿಯ ಬಾಸ್ಕೆಟ್‌ನಲ್ಲಿ ಕಲ್ಲು ಹಿಡಿದು, ಆ ತಂತಿ ಬಿಗಿದು ಕಲ್ಲು ಪುಡಿಮಾಡುವ ಮೆಕ್ಯಾನಿಕಲ್ ಲಿಥೋಟ್ರಿಪ್ಟರ್‌ನಲ್ಲಿ ಒಡೆಯುತ್ತಿದ್ದೆ. ಕಂದು ಬಣ್ಣದ ಮೆತ್ತನೆ ಕಲ್ಲು ಹಳೇ ಬೆಲ್ಲದ ಹಾಗೆ ಪುಡಿಯಾಗುತ್ತದೆ. ಹಳದಿ ಗಟ್ಟಿ ಕಲ್ಲು ಸಿಕ್ಕರೆ ಬೇರೆಯದೇ ಕಥೆ. ಚಳ್ಳಕೆರೆಯ ಒಬ್ಬರಿಗೆ ಅಂಥದ್ದೇ ಎರಡು ಕಲ್ಲು. ಹಿಡಿ ತಿರುಗಿಸುತ್ತಾ ಇದ್ದೆ. ಬಿಗಿಯಾಯಿತು, ಇನ್ನೂ ಬಿಗಿಯಾಯಿತು, ಆಮೇಲೆ ಇದ್ದಕ್ಕಿದ್ದ ಹಾಗೆ ಕೈಯಲ್ಲಿ ಏನೂ ಇಲ್ಲದಂತೆ ಸಡಿಲ. ತಂತಿ ತುಂಡಾಗಿತ್ತು. ಕಲ್ಲು ಹಿಡಿದ ಬಾಸ್ಕೆಟ್ ಪ್ಯಾಪಿಲ್ಲಾದ, ಅಂದರೆ ನಾಳದ ಆ ಬಾಯಿಯ, ಹತ್ತಿರ ಸಿಕ್ಕಿಕೊಂಡಿತ್ತು. ಹೀಗೆ ಸಿಕ್ಕಿಕೊಂಡ ಬಾಸ್ಕೆಟ್ ಬಿಡಿಸುವ ಎಮರ್ಜೆನ್ಸಿ ಲಿಥೋಟ್ರಿಪ್ಟರ್ ನಮ್ಮ ಕಪಾಟಿನಲ್ಲಿ ಇರಲಿಲ್ಲ. ರಾತ್ರೋರಾತ್ರಿ ಆಂಬ್ಯುಲೆನ್ಸ್‌ನಲ್ಲಿ 260 ಕಿಮೀ ದೂರದ ಬೆಂಗಳೂರಿಗೆ ಕಳಿಸಿದೆ. ಅಲ್ಲಿ ಹೊಟ್ಟೆ ಕೊಯ್ದು ತೆಗೆದರು. ಮನುಷ್ಯ ಉಳಿದರು. ಖರ್ಚಿಗೆ ಮನೆಯವರು ಎರಡು ಎತ್ತು ಮಾರಿದರು ಎಂದು ಆಮೇಲೆ ಗೊತ್ತಾಯಿತು. ಅದು ಇವತ್ತಿಗೂ ನನ್ನನ್ನು ಬಿಟ್ಟಿಲ್ಲ. ಆ ಸಾಮಾನು ಈಗ ಕೈಗೆ ಎಟುಕುವ ಜಾಗದಲ್ಲೇ ಇರುತ್ತದೆ.

ಆಮೇಲೆ ಸ್ಟೆಂಟ್ ದಾರಿ ಹಿಡಿದೆ. 7 ಫ್ರೆಂಚ್ (ಸುಮಾರು 2.3 ಮಿಮೀ) ದಪ್ಪದ, ತುದಿ ಸುರುಳಿಯಾದ ಪಿಗ್‌ಟೇಲ್ ಸ್ಟೆಂಟ್ ಎರಡು ಹಾಕಿ ಮೂರು ತಿಂಗಳು ಬಿಟ್ಟರೆ ಎಷ್ಟೋ ಜನರಲ್ಲಿ ಕಲ್ಲು ಸವೆದು ಸಣ್ಣದಾಗುತ್ತದೆ. ಇದು ನಿಜವೇ. ಆದರೆ ಮೂರು ತಿಂಗಳಿಗೆ ಯಾರು ಬರುತ್ತಾರೆ? ಮೆಕ್ಕೆಜೋಳದ ಕೊಯ್ಲು, ಮಗಳ ಮದುವೆ, ಕಾಮಾಲೆ ಹೋಯಿತಲ್ಲ ಎನ್ನುವ ಸಮಾಧಾನ. ಜಗಳೂರಿನ ಒಬ್ಬರು ಒಂದೂವರೆ ವರ್ಷ ಬಿಟ್ಟು ಚಳಿಜ್ವರದಲ್ಲಿ ನಡುಗುತ್ತಾ ಬಂದರು. ಸ್ಟೆಂಟ್ ಕಟ್ಟಿಕೊಂಡು ನಾಳದ ತುಂಬಾ ಕೀವು. ಸ್ಟೆಂಟ್ ಜೊತೆಗೆ ಪಿತ್ತದ ಕಲ್ಲು ಕರಗಿಸಲು ಕೊಡುವ ಅರ್ಸೋ ಮಾತ್ರೆ ಕೊಟ್ಟರೆ ಬೇಗ ಕರಗಬಹುದೇ ಎಂದು ಇಪ್ಪತ್ತು ಜನರಲ್ಲಿ ನೋಡಿದೆ. ನನ್ನ ಕಣ್ಣಿಗೆ ವ್ಯತ್ಯಾಸ ಕಾಣಲಿಲ್ಲ. ಬಿಟ್ಟೆ. ಈಗ ತೀರಾ ವಯಸ್ಸಾಗಿ, ಹೃದಯ ಸೋತವರಿಗೆ ಮಾತ್ರ ಸ್ಟೆಂಟ್.

ಕೊನೆಗೆ ಕೈ ಹಿಡಿದದ್ದು ಸಣ್ಣ ಕೊಯ್ತ, ಮೇಲೆ ದೊಡ್ಡ ಬಲೂನು. ಅಂದರೆ ನಾಳದ ಬಾಯಿಯನ್ನು ಸ್ವಲ್ಪವೇ ಕೊಯ್ದು, ಆಮೇಲೆ ಬಲೂನು ಊದಿಸಿ ಅಗಲ ಮಾಡಿ, ಕಲ್ಲು ಇಡಿಯಾಗಿ ಹೊರಗೆಳೆಯುವುದು. ಇದೇನೂ ಹೊಸದಲ್ಲ. ಟರ್ಕಿಯ ವೈದ್ಯರು 2003ರಲ್ಲೇ ಬರೆದಿದ್ದರು. ಆದರೂ ಒಂದು ಸಭೆಯಲ್ಲಿ ನಾನಿದನ್ನು ಹೇಳಿದಾಗ ಹಿರಿಯರೊಬ್ಬರು, "ಪ್ಯಾಂಕ್ರಿಯಾಸ್ ಊದಿಸಿ ಕೂರ್ತೀಯ" ಎಂದು ಎಲ್ಲರೆದುರು ಬೈದರು. ಆ ಭಯ ಬಂದದ್ದು, ಕೊಯ್ಯದೆ ಬರೀ ಸಣ್ಣ ಬಲೂನು ಊದಿಸುತ್ತಿದ್ದ ಕಾಲದಿಂದ. ಮೊದಲೇ ಸ್ವಲ್ಪ ಕೊಯ್ದರೆ ಒತ್ತಡ ಪ್ಯಾಂಕ್ರಿಯಾಸ್ ಕಡೆ ಹೋಗದೆ ಪಿತ್ತನಾಳದ ಕಡೆ ತಿರುಗುತ್ತದೆ. 2019ರಲ್ಲಿ ಯುರೋಪಿನ ಎಂಡೋಸ್ಕೋಪಿ ಸೊಸೈಟಿಯೂ ಕಷ್ಟದ ಕಲ್ಲಿಗೆ ಮೊದಲು ಇದನ್ನೇ ಮಾಡಿ ಎಂದಿತು. ಅದೇ ಹಿರಿಯರು ಈಗ ನನಗೆ ಕೇಸು ಕಳಿಸುತ್ತಾರೆ.

ನನ್ನ ಲೆಕ್ಕ ಇಷ್ಟೇ. ಕಲ್ಲಿನ ಗಾತ್ರ ನೋಡಿ ಬಲೂನು ಆರಿಸಬೇಡಿ, ಕಲ್ಲಿನ ಕೆಳಗಿನ ನಾಳದ ಅಗಲ ನೋಡಿ. ಇದನ್ನು ಕಲಿಯಲು ಒಬ್ಬ ಹೆಂಗಸು ನೋವು ತಿಂದರು. ಮೇಲೆ ನಾಳ 20 ಮಿಮೀ, ಕೆಳಗೆ ಮೂಲಂಗಿ ಬಾಲದ ಹಾಗೆ ಚೂಪು. ನಾನು ಅವಸರದಲ್ಲಿ ಬಲೂನನ್ನು 18 ಮಿಮೀಗೆ ಊದಿಸಿದೆ. ನಾಳ ಸಣ್ಣದಾಗಿ ಹರಿದುಹೋಯಿತು. ಒಂಬತ್ತು ದಿನ ಬಾಯಿಗೆ ಏನೂ ಕೊಡದೆ, ಮೂಗಿನ ನಳಿಕೆ ಇಟ್ಟು, ದಿನಕ್ಕೆ ಮೂರು ಸಲ ಹೊಟ್ಟೆ ಮುಟ್ಟಿ ನೋಡಿದೆ. ಆಪರೇಷನ್ ಇಲ್ಲದೆ ವಾಸಿಯಾಯಿತು. ಈಗ 12ರಿಂದ ನಿಧಾನವಾಗಿ ಏರಿಸುತ್ತೇನೆ. ಬಲೂನಿನ ನಡುವೆ ಸೊಂಟದ ಹಾಗೆ ಬಿದ್ದ ತಗ್ಗು ಹೋಗಬೇಕು. 15ರಲ್ಲೂ ಅದು ಹೋಗದಿದ್ದರೆ ಅಲ್ಲಿಗೇ ನಿಲ್ಲಿಸುತ್ತೇನೆ. ತಗ್ಗು ಹೋದ ಮೇಲೆ ಒಂದು ನಿಮಿಷ ಹಿಡಿಯುತ್ತೇನೆ. ಪ್ಯಾಂಕ್ರಿಯಾಸ್ ಊದದಿರಲಿ ಎಂದು ಡೈಕ್ಲೋಫೆನಾಕ್ 100 ಮಿಗ್ರಾಂ ಎಲ್ಲರಿಗೂ ಮೊದಲೇ ಗುದದ್ವಾರದಲ್ಲಿ. ದೊಡ್ಡ ಕಲ್ಲಿನ ಹಿಂದಕ್ಕೆ ಬಾಸ್ಕೆಟ್ ದಾಟಿಸಲು ನನ್ನದೇ ಒಂದು ಉಪಾಯ ಇದೆ. ಬರೆದು ಹೇಳಿದರೆ ತಪ್ಪಾಗಿ ಮಾಡುತ್ತಾರೆ. ಲ್ಯಾಬಿಗೆ ಬನ್ನಿ, ತೋರಿಸುತ್ತೇನೆ.

ನಾಲ್ಕು ವರ್ಷದಲ್ಲಿ ಹೆಚ್ಚುಕಡಿಮೆ 130 ಜನ. ನೆನಪಿನಿಂದ ಹೇಳುತ್ತಿದ್ದೇನೆ, ಒಂದೇ ಸಲಕ್ಕೆ ಖಾಲಿಯಾದವರು 110ರ ಆಸುಪಾಸು. ಪ್ಯಾಂಕ್ರಿಯಾಟೈಟಿಸ್ (ಪ್ಯಾಂಕ್ರಿಯಾಸ್ ಊತ) ಐದಾರು ಜನಕ್ಕೆ, ಯಾರಿಗೂ ಜೋರಾಗಿ ಅಲ್ಲ. ಲಿಥೋಟ್ರಿಪ್ಟರ್ ಮುಟ್ಟಿದ್ದು ಹತ್ತು ಹದಿನೈದು ಸಲ ಇರಬೇಕು. ಬಲೂನು ನನಗೆ 15 ಸಾವಿರದ ಹತ್ತಿರ ಬೀಳುತ್ತದೆ. ನಾಳದೊಳಗೇ ಇಳಿದು ನೋಡುವ, ಒಂದೇ ಸಲ ಬಳಸುವ ಕೊಲಾಂಜಿಯೋಸ್ಕೋಪ್ ಆದರೆ ಲಕ್ಷ ದಾಟಿತು, ಲೇಸರ್ ಖರ್ಚು ಬೇರೆ. ನಮ್ಮ ಕಡೆ ಜನಕ್ಕೆ ಆ ವ್ಯತ್ಯಾಸ ಒಂದು ವರ್ಷದ ಬೆಳೆ, ಅಲ್ವಾ?

ಹಾಗಂತ ಕೊಲಾಂಜಿಯೋಸ್ಕೋಪ್ ಬೇಡ ಎನ್ನುತ್ತಿಲ್ಲ. ನಾಳ ಕಿರಿದಾಗಿ ಅದರ ಮೇಲೆ ಕಲ್ಲು ಕೂತಿದ್ದರೆ, ಲಿವರ್ ಒಳಗಿದ್ದರೆ, ಮಿರಿಝಿ (ಪಿತ್ತಕೋಶದ ಕತ್ತಿನಲ್ಲಿ ಸಿಕ್ಕ ಕಲ್ಲು ಪಿತ್ತನಾಳವನ್ನು ಒತ್ತುವ ತೊಂದರೆ) ಇದ್ದರೆ ಬಲೂನು ಸೋಲುತ್ತದೆ. ಅಂಥವರಿಗಾಗಿ ಒಂದು ಪ್ರಯೋಗ ಮಾಡುತ್ತಿದ್ದೇನೆ. ಮಕ್ಕಳಿಗೆ ಬಳಸುವ ಸಪೂರ ಗ್ಯಾಸ್ಟ್ರೋಸ್ಕೋಪನ್ನು, ಬಲೂನಿನಿಂದ ಅಗಲ ಮಾಡಿದ ನಾಳದ ಬಾಯಿಯ ಮೂಲಕ ಒಳಗೇ ಇಳಿಸುವುದು. ಯುರಾಲಜಿ ಗೆಳೆಯರು ಕಿಡ್ನಿ ಕಲ್ಲು ಒಡೆಯುವ ಹೋಲ್ಮಿಯಂ ಲೇಸರ್ ಎರವಲು ತಂದು ಕಣ್ಣಾರೆ ನೋಡುತ್ತಾ ಒಡೆಯುವುದು. ಗಾಳಿ ಮಾತ್ರ ಬಿಡಲೇಬಾರದು, ರಕ್ತಕ್ಕೆ ಹೋದರೆ ಪ್ರಾಣಕ್ಕೇ ಬರುತ್ತದೆ. ಬರೀ ಸಲೈನ್. ಐದು ಜನರಲ್ಲಿ ಮಾಡಿದೆ, ಮೂವರಲ್ಲಿ ಆಯಿತು. ಉಳಿದ ಇಬ್ಬರಲ್ಲಿ ಸ್ಕೋಪ್ ಹೊಟ್ಟೆಯಲ್ಲೇ ಸುರುಳಿ ಸುತ್ತಿತು, ಒಳಗೇ ಹೋಗಲಿಲ್ಲ.

ಬರುವ ಗುರುವಾರ ಮೊಳಕಾಲ್ಮೂರಿನ ಒಬ್ಬ ನೇಕಾರರ ಸರದಿ. ಕಲ್ಲು ಮೇಲಿದೆ, ಕೆಳಗೆ ನಾಳ ಸಣ್ಣ. ಲೇಸರ್ ಮಧ್ಯಾಹ್ನ ಎರಡರ ಮೇಲೆ ಖಾಲಿ ಇದೆಯಂತೆ, ಗೆಳೆಯರು ಹೇಳಿದ್ದಾರೆ. ಈ ಸಲ ಸ್ಕೋಪ್ ಸುರುಳಿ ಸುತ್ತದ ಹಾಗೆ ಮೊದಲು ನಾಳದೊಳಗೆ ಬಲೂನು ಊದಿಸಿ ನಿಲ್ಲಿಸಿ, ಅದರ ಆಸರೆಯಲ್ಲಿ ಸ್ಕೋಪ್ ಇಳಿಸುತ್ತೇನೆ.