ಕತ್ತಿಗೆ ಪೆಟ್ಟಾದವರನ್ನು ಪರೀಕ್ಷಿಸುವುದು ಹೇಗೆ?

ಅಪಘಾತವಾದ ಜಾಗದಲ್ಲಿ ಒಬ್ಬರು ಗಾಯಾಳುವಿನ ತಲೆ ಎತ್ತಿ ನೀರು ಕುಡಿಸಲು ಹೋಗುತ್ತಾರೆ. ಇನ್ನೊಬ್ಬರು ಕತ್ತು ಹಿಡಿದು ಆಡಿಸಿ ನೋಡುತ್ತಾರೆ. ಎರಡೂ ಅಪಾಯ. ತುರ್ತು ವಿಭಾಗಕ್ಕೆ ಹೊಸದಾಗಿ ಬಂದವರಲ್ಲೂ ಈ ಆತುರ ಜಾಸ್ತಿ. ಕತ್ತು ತಿರುಗಿಸುವುದು ಪರೀಕ್ಷೆಯ ಕೊನೆಯ ಹಂತ. ಅದೂ ತರಬೇತಿ ಪಡೆದವರ ಮುಂದೆ ಮಾತ್ರ. ಉಳಿದವರು ಮೊದಲ ಎರಡು ಹಂತ ಮಾಡಿ ಆಂಬುಲೆನ್ಸ್‌ಗೆ ಕಾಯಿರಿ.

1. ಒಬ್ಬರು ತಲೆಯ ಹಿಂದೆ ಕೂತು, ಎರಡೂ ಕೈಯಲ್ಲಿ ತಲೆ ಅಲುಗದಂತೆ ಹಿಡಿಯಿರಿ. ಎಳೆಯಬೇಡಿ. ಬೆನ್ನು ಬಾಗಿದ ವೃದ್ಧರ ತಲೆಯನ್ನು ಒತ್ತಿ ನೆಲಕ್ಕೆ ತಾಗಿಸಲೇಬೇಡಿ, ಕೆಳಗೆ ಬಟ್ಟೆ ಮಡಚಿಡಿ.

2. ಉಸಿರು ನೋಡಿ. ಗೊರಗೊರ ಸದ್ದು ಬರುತ್ತಿದ್ದರೆ, ತಲೆ ಹಿಂದಕ್ಕೆ ವಾಲಿಸದೆ ಕೆಳದವಡೆಯನ್ನು ಮುಂದಕ್ಕೆ ತಳ್ಳಿ. ರಕ್ತ ಹರಿಯುತ್ತಿದ್ದರೆ ಒತ್ತಿ ಹಿಡಿಯಿರಿ. ಕತ್ತಿನ ಊತ ದೊಡ್ಡದಾಗುತ್ತಿದ್ದರೆ, ಗಾಯದಿಂದ ಗಾಳಿಗುಳ್ಳೆ ಬರುತ್ತಿದ್ದರೆ ಮುಂದಿನ ಪರೀಕ್ಷೆಗೆ ಕೂರಬೇಡಿ. ಅವರಿಗೆ ಬೇಕಿರುವುದು ಶಸ್ತ್ರಚಿಕಿತ್ಸೆ.

ಕಾಲರ್, ಅಂದರೆ ಕತ್ತು ಅಲುಗದಂತೆ ಸುತ್ತ ಹಾಕುವ ಪಟ್ಟಿ, ಅದರ ಬಗ್ಗೆ ಇಲ್ಲೇ ಹೇಳಿಬಿಡುತ್ತೇನೆ. ಮೆತ್ತನೆಯ ಸ್ಪಂಜಿನ ಕಾಲರ್ ಕತ್ತನ್ನು ಹಿಡಿದು ನಿಲ್ಲಿಸುವುದಿಲ್ಲ, ಸುಮ್ನೆ ಧೈರ್ಯ ಕೊಡುತ್ತದೆ ಅಷ್ಟೇ. ಗಟ್ಟಿ ಕಾಲರ್ ಬಿಗಿಯಾದರೆ ಕತ್ತಿನ ರಕ್ತನಾಳ ಒತ್ತಿ, ತಲೆಯೊಳಗಿನ ಒತ್ತಡ ಏರಬಹುದು. ಅಳತೆ ಸರಿಯಿಲ್ಲದ ಕಾಲರ್‌ಗಿಂತ ಎರಡು ಕೈಗಳೇ ಮೇಲು.

3. ಗಾಯಾಳುವಿನ ಉತ್ತರ ನಂಬಬಹುದೇ ಎಂದು ಮೊದಲು ತೀರ್ಮಾನಿಸಿ. ಕುಡಿದಿದ್ದಾರಾ? ಮಂಪರಿದೆಯಾ? ತೊಡೆ ಮೂಳೆ ಮುರಿದಂಥ ದೊಡ್ಡ ನೋವು ಬೇರೆಲ್ಲಾದರೂ ಇದೆಯಾ? ಹೌದಾದರೆ 'ಕತ್ತು ನೋಯುತ್ತಿಲ್ಲ' ಎಂಬ ಮಾತಿಗೆ ಬೆಲೆ ಕೊಡಬೇಡಿ. ಸಿಟಿ ಸ್ಕ್ಯಾನ್ ಮಾಡಿಸಿ.

4. ಬೆರಳಿನ ಪರೀಕ್ಷೆ. ಹೆಚ್ಚಿನವರು ಎಡವುವುದು ಇಲ್ಲೇ. ಕಾಲರ್ ಹಾಕಿದ್ದರೆ, ಒಬ್ಬರು ತಲೆ ಹಿಡಿದಿರುವಾಗಲೇ ಅದನ್ನು ಬಿಚ್ಚಿ. ಮುಚ್ಚಿದ ಕತ್ತನ್ನು ಪರೀಕ್ಷಿಸಲು ಆಗುವುದಿಲ್ಲ, ಅಲ್ವಾ? ಕೈಯನ್ನು ಹಿಂದಿನಿಂದ ತೂರಿಸಿ. ತಲೆಬುರುಡೆಯ ಬುಡದಿಂದ ಶುರು ಮಾಡಿ, ನಟ್ಟನಡುವೆ, ಒಂದೊಂದೇ ಮೂಳೆಯನ್ನು ಒತ್ತುತ್ತಾ ಕೆಳಗೆ ಬನ್ನಿ. ಕತ್ತಿನಲ್ಲಿ 7 ಮೂಳೆಗಳಿವೆ. ಬುಡದಲ್ಲಿ ಕೈಗೆ ಎದ್ದು ಸಿಗುವ ಗುಬುಟು ಸಾಮಾನ್ಯವಾಗಿ ಏಳನೆಯದು. ಅದನ್ನೂ ದಾಟಿ ಬೆನ್ನಿನ ಮೊದಲ ಮೂಳೆವರೆಗೆ ಹೋಗಿ. ಅರ್ಧಕ್ಕೆ ಕೈ ತೆಗೆಯುವವರೇ ಜಾಸ್ತಿ. ಪಕ್ಕದ ಮಾಂಸಖಂಡ ಒತ್ತಿದರೆ ಯಾರಿಗಾದರೂ ನೋಯುತ್ತದೆ. ನಮಗೆ ಬೇಕಿರುವುದು ನಡುಮೂಳೆಯ ನೋವು. ಒತ್ತುವಾಗ ಕಣ್ಣು ಗಾಯಾಳುವಿನ ಮುಖದ ಮೇಲಿರಲಿ. 'ನೋವಿಲ್ಲ ತಾನೇ?' ಎಂದು ಕೇಳಬೇಡಿ, ಪಾಪ, ಹೂಂ ಅಂದುಬಿಡುತ್ತಾರೆ. 'ಇಲ್ಲಿ ಹೇಗಿದೆ?' ಎಂದು ಪ್ರತಿ ಮೂಳೆಗೂ ಕೇಳಿ. ತಲೆಯಾಡಿಸದೆ ಬಾಯಲ್ಲೇ ಹೇಳಲು ಮೊದಲೇ ತಿಳಿಸಿರಿ.

5. ಮೊಣಕೈ ಮಡಚಿ ಚಾಚಲಿ, ಬೆರಳು ಅಗಲಿಸಲಿ, ಕಾಲ್ಬೆರಳು ಆಡಿಸಲಿ. ಎರಡೂ ಕಡೆ ಹೋಲಿಸಿ. ಜುಮುಗುಟ್ಟುವಿಕೆ, ಮರಗಟ್ಟುವಿಕೆ ಕೇಳಿ. ಎದೆ ಏಳದೆ ಬರೀ ಹೊಟ್ಟೆ ಏರಿಳಿಯುತ್ತಿದ್ದರೆ ಬೆನ್ನುಹುರಿಗೆ ಪೆಟ್ಟಾಗಿರಬಹುದು. ರಕ್ತದೊತ್ತಡ ಕುಸಿದಿದ್ದೂ ನಾಡಿ ನಿಧಾನವಾಗಿದ್ದರೆ ಅನುಮಾನ ಇನ್ನೂ ಗಟ್ಟಿ. ಆದರೂ ಒಳಗೆಲ್ಲೋ ರಕ್ತಸ್ರಾವ ಇಲ್ಲವೆಂದು ಮೊದಲು ಖಚಿತ ಮಾಡಿಕೊಳ್ಳಿ.

6. ಇಷ್ಟರಲ್ಲಿ ಎಲ್ಲಿಯೂ ತೊಂದರೆ ಕಾಣದಿದ್ದರೆ ಮಾತ್ರ ಕತ್ತು ತಿರುಗಿಸುವ ಮಾತು. ಕೆನಡಾದ ವೈದ್ಯರು 2001ರಲ್ಲಿ ಪ್ರಕಟಿಸಿದ ನಿಯಮದ ಪ್ರಕಾರ 65 ವರ್ಷ ಅಥವಾ ಅದಕ್ಕಿಂತ ಹೆಚ್ಚು ವಯಸ್ಸಾದವರು, 3 ಅಡಿ ಅಥವಾ 5 ಮೆಟ್ಟಿಲಿನಷ್ಟು ಇಲ್ಲವೇ ಅದಕ್ಕೂ ಹೆಚ್ಚು ಎತ್ತರದಿಂದ ಬಿದ್ದವರು, ನೀರಿಗೆ ಧುಮುಕಿ ತಲೆಗೆ ಪೆಟ್ಟಾದವರು, ವೇಗದ ವಾಹನದ ಅಪಘಾತಕ್ಕೆ ಸಿಕ್ಕವರು ನೇರ ಸ್ಕ್ಯಾನ್‌ಗೆ ಹೋಗಬೇಕು. ಉಳಿದವರು ತಾವಾಗಿಯೇ ಎಡಕ್ಕೆ 45 ಡಿಗ್ರಿ, ಬಲಕ್ಕೆ 45 ಡಿಗ್ರಿ ತಿರುಗಿಸಲಿ. ನಿಮ್ಮ ಕೈ ಸಹಾಯ ಬೇಡ. ಆಗದಿದ್ದರೆ ನಿಲ್ಲಿಸಿ, ಕಾಲರ್ ಹಾಕಿ.

ಎಕ್ಸ್‌ರೇ ಒಂದರಲ್ಲೇ ಮುಗಿಸುವ ಅಡ್ಡದಾರಿ ನನಗೆ ಒಪ್ಪಿಗೆಯಿಲ್ಲ. ಏಳನೇ ಮೂಳೆ ಬೆನ್ನಿಗೆ ಸೇರುವ ಜಾಗ ಎಷ್ಟೋ ಸಲ ಭುಜದ ನೆರಳಲ್ಲಿ ಮುಚ್ಚಿಹೋಗುತ್ತದೆ. ದೊಡ್ಡವರಿಗೆ ಸಿಟಿ ಸ್ಕ್ಯಾನೇ ಸರಿ. ಅದರಲ್ಲಿ ಏನೂ ಕಾಣದಿದ್ದರೂ ಕೈಕಾಲು ಮರಗಟ್ಟಿದ್ದರೆ ಎಂಆರ್‌ಐ ಆಗುವವರೆಗೆ ಕಾಲರ್ ತೆಗೆಯಬೇಡಿ.