ಪರದೆಯಾಚೆ ಕೂತವರು ನೀವೇನಾ? ಆನ್‌ಲೈನ್ ನೋಟರಿಗೆ ಗುರುತು ಖಾತ್ರಿಪಡಿಸುವುದು ಹೇಗೆ

ಡಲ್ಲಾಸ್‌ನ ಮನೆ ಮಾರಾಟಕ್ಕಿದೆ. ಕ್ರಯದ ಕಾಗದಕ್ಕೆ ಸಹಿ ಹಾಕಬೇಕಾದವರು ಅಮ್ಮನನ್ನು ನೋಡಿಕೊಳ್ಳಲು ಮೈಸೂರಿಗೆ ಬಂದಿದ್ದಾರೆ. ಮೊದಲಾಗಿದ್ದರೆ ಬರೀ ಒಂದು ಸಹಿಗೆ ವಿಮಾನ ಹತ್ತಬೇಕಾಗುತ್ತಿತ್ತು. ಈಗ ಟೆಕ್ಸಸ್‌ನ ನೋಟರಿ ತನ್ನ ರಾಜ್ಯದಲ್ಲೇ ಕೂತು, ವಿಡಿಯೊದಲ್ಲಿ ಸಹಿ ಹಾಕಿಸಿ, ಕಾಗದಕ್ಕೆ ಸೀಲು ಹಾಕಬಹುದು. ಅಮೆರಿಕದಲ್ಲಿ ಇದಕ್ಕೆ ಮೊದಲು ದಾರಿ ಮಾಡಿದ ರಾಜ್ಯ ವರ್ಜೀನಿಯಾ. ಅಲ್ಲಿನ ಕಾನೂನು 2012ರ ಜುಲೈನಲ್ಲಿ ಜಾರಿಗೆ ಬಂತು. ಟೆಕ್ಸಸ್‌ನಲ್ಲಿ 2018ರಲ್ಲಿ, ಫ್ಲಾರಿಡಾದಲ್ಲಿ 2020ರಲ್ಲಿ ಶುರುವಾಯಿತು.

ನಾನು ಟೆಕ್ಸಸ್‌ನಲ್ಲಿ ಇದೇ ಕೆಲಸ ಮಾಡುವವಳು. ಸಹಿಗೆ ಐದು ನಿಮಿಷ ಸಾಕು; ಮಿಕ್ಕ ಹೊತ್ತೆಲ್ಲ ಸಹಿ ಹಾಕುತ್ತಿರುವವರು ಅವರೇನಾ ಎಂದು ನೋಡುವುದಕ್ಕೇ ಹೋಗುತ್ತದೆ. ‘ನನ್ನನ್ನೇ ಅನುಮಾನಿಸುತ್ತೀರಾ?’ ಎಂದು ಬೇಜಾರು ಮಾಡಿಕೊಳ್ಳುವವರಿದ್ದಾರೆ. ದೂರದ ಊರಲ್ಲಿರುವ ಒಡೆಯನ ಹೆಸರು ಹೇಳಿಕೊಂಡು ಖಾಲಿ ಸೈಟು ಮಾರುವ ವಂಚಕರು ಅಮೆರಿಕದಲ್ಲೂ ಇದ್ದಾರೆ. ನಾನು ಅಷ್ಟು ಕೆದಕಿ ಕೇಳುವುದು ಆ ಕರೆಯಲ್ಲಿ ಇಲ್ಲದ ಒಡೆಯನ ಪರವಾಗಿ.

ಮೊದಲು ಹೆಸರು ತಾಳೆ ನೋಡಿ

ನಮ್ಮವರು ಎಡವುವುದು ಇಲ್ಲೇ. ಒಂದು ಕಡೆ ಇನಿಷಿಯಲ್, ಇನ್ನೊಂದು ಕಡೆ ಅಪ್ಪನ ಹೆಸರು, ಮತ್ತೊಂದು ಕಡೆ ಊರಿನ ಹೆಸರು. ಪಾಸ್‌ಪೋರ್ಟಿನಲ್ಲಿ ಒಂದೇ ಹೆಸರಿದ್ದರೆ ಅಮೆರಿಕದ ವೀಸಾದಲ್ಲಿ ಅದು ಸರ್‌ನೇಮ್ ಆಗಿಬಿಡುತ್ತದೆ, ಮೊದಲ ಹೆಸರಿನ ಜಾಗಕ್ಕೆ ‘ಎಫ್‌ಎನ್‌ಯು’, ಅಂದರೆ ‘ಮೊದಲ ಹೆಸರು ಗೊತ್ತಿಲ್ಲ’ ಎಂಬುದು, ಬರುತ್ತದೆ. ಮನೆ ಪತ್ರದಲ್ಲಿರುವ ಹೆಸರಿಗೂ ಗುರುತಿನ ಚೀಟಿಗೂ ಹೊಂದದಿದ್ದರೆ ಕರೆಯ ದಿನದವರೆಗೆ ಕಾಯಬೇಡಿ, ವ್ಯವಹಾರ ನೋಡಿಕೊಳ್ಳುವ ಟೈಟಲ್ ಕಂಪನಿಗೆ ವಾರ ಮೊದಲೇ ತಿಳಿಸಿ. ವಿದೇಶದಿಂದ ಹಾಕುವ ಆನ್‌ಲೈನ್ ಸಹಿಯನ್ನು ಅವರು ಒಪ್ಪುತ್ತಾರಾ ಎಂದೂ ಆಗಲೇ ಕೇಳಿಬಿಡಿ.

ಚೀಟಿಯ ಪರೀಕ್ಷೆ

ಫೋಟೊ, ಸಹಿ ಎರಡೂ ಇರುವ ಸರ್ಕಾರಿ ಚೀಟಿ ಬೇಕು. ಆಧಾರ್‌ನಲ್ಲಿ ನಿಮ್ಮ ಸಹಿ ಇರುವುದಿಲ್ಲ, ಹಾಗಾಗಿ ಟೆಕ್ಸಸ್‌ನಲ್ಲಿ ಅದು ನಡೆಯದು. ಪಾಸ್‌ಪೋರ್ಟ್ ಅಥವಾ ಅಮೆರಿಕದ ಡ್ರೈವಿಂಗ್ ಲೈಸೆನ್ಸ್ ಇಟ್ಟುಕೊಳ್ಳಿ. ಫೋನಿನಲ್ಲಿ ಅದರ ಚಿತ್ರ ತೆಗೆದು ಕಳಿಸಿದರೆ ಸಾಫ್ಟ್‌ವೇರ್ ಪರೀಕ್ಷಿಸುತ್ತದೆ. ಲೈಸೆನ್ಸಿನ ಮುಂಬದಿಯ ವಿವರಗಳು ಹಿಂಬದಿಯ ಬಾರ್‌ಕೋಡಿನೊಳಗೂ ಇರುತ್ತವೆ. ಎರಡೂ ಒಂದೇ ಆಗಿರಬೇಕು. ಪಾಸ್‌ಪೋರ್ಟಿನ ಫೋಟೊ ಪುಟದ ಕೆಳಗೆ ಬಾಣದ ಗುರುತುಗಳಿರುವ ಎರಡು ಸಾಲು ನೋಡಿರುತ್ತೀರಿ. ಒಂದೊಂದರಲ್ಲೂ 44 ಅಕ್ಷರ, ನಡುನಡುವೆ ತಾಳೆ ನೋಡುವ ಅಂಕಿಗಳು. ಯಾರಾದರೂ ಹುಟ್ಟಿದ ದಿನಾಂಕ ತಿದ್ದಿ ಆ ಅಂಕಿಯನ್ನು ಹಾಗೇ ಬಿಟ್ಟಿದ್ದರೆ ಲೆಕ್ಕ ತಪ್ಪುತ್ತದೆ, ಮೋಸ ಸಿಕ್ಕಿಬೀಳುತ್ತದೆ.

ಚಿತ್ರ ತೆಗೆಯುವಾಗ ಟ್ಯೂಬ್‌ಲೈಟಿನ ನೇರ ಕೆಳಗೆ ಹಿಡಿಯಬೇಡಿ. ಹೊಳಪು ಹೆಸರಿನ ಮೇಲೇ ಬಿಳಿ ಮಚ್ಚೆಯಾಗಿ ಕೂರುತ್ತದೆ, ಅಸಲಿ ಚೀಟಿಯೂ ಫೇಲಾಗುತ್ತದೆ.

ಐದು ಪ್ರಶ್ನೆ, ಎರಡು ನಿಮಿಷ

ಇದಕ್ಕೆ ಎಲ್ಲರೂ ಹೆದರುತ್ತಾರೆ. ನಿಮ್ಮ ಸಾಲ, ವಾಹನ, ಹಳೆಯ ವಿಳಾಸಗಳ ದಾಖಲೆಗಳಿಂದಲೇ ಪ್ರಶ್ನೆಗಳು ಬರುತ್ತವೆ. ಸಾಮಾನ್ಯವಾಗಿ ಐದರಲ್ಲಿ ನಾಲ್ಕು ಸರಿಯಾಗಬೇಕು. ಹದಿನೈದು ವರ್ಷದ ಹಿಂದೆ ನ್ಯೂಜೆರ್ಸಿಯಲ್ಲಿ ಬಾಡಿಗೆಗಿದ್ದ ಬೀದಿಯ ಹೆಸರು ಥಟ್ಟನೆ ನೆನಪಾಗಬೇಕು! ಹಿಂದಿನ ರಾತ್ರಿಯೇ ಹಳೆಯ ವಿಳಾಸ, ಕಾರು, ಸಾಲಗಳನ್ನು ಒಮ್ಮೆ ಮೆಲುಕು ಹಾಕಿ. ‘ಮೇಲಿನ ಯಾವುದೂ ಅಲ್ಲ’ ಎಂಬುದೂ ಎಷ್ಟೋ ಸಲ ಸರಿಯುತ್ತರವೇ, ಅದನ್ನು ಒತ್ತಲು ಅಂಜಬೇಡಿ.

ಅಮೆರಿಕದಲ್ಲಿ ಸಾಲದ ಚರಿತ್ರೆಯೇ ಇಲ್ಲದವರಿಗೆ, ಅಂದರೆ ಹೊಸದಾಗಿ ಹೋದವರಿಗೆ, ವಿಸಿಟರ್ ವೀಸಾದ ಅಪ್ಪ ಅಮ್ಮಂದಿರಿಗೆ, ಪ್ರಶ್ನೆಗಳೇ ಹುಟ್ಟುವುದಿಲ್ಲ. ಅವರ ತಪ್ಪೇನೂ ಇಲ್ಲದೆ ಅವರು ಹೊರಗುಳಿಯುವುದು ನನಗೆ ನಿಜಕ್ಕೂ ಸಂಕಟದ ವಿಷಯ. ನೋಟರಿಗೆ ಅವರ ಖುದ್ದು ಪರಿಚಯವಿದ್ದರೆ ಅಷ್ಟೇ ಸಾಕು. ಕೆಲವು ರಾಜ್ಯಗಳು ಪರಿಚಿತ ಸಾಕ್ಷಿಯ ಪ್ರಮಾಣವನ್ನೂ ಒಪ್ಪುತ್ತವೆ. ಎರಡೂ ಆಗದಿದ್ದರೆ, ಭಾರತದಲ್ಲಿರುವವರು ಚೆನ್ನೈನ ಅಮೆರಿಕನ್ ಕಾನ್ಸುಲೇಟಿನಲ್ಲಿ ಸಮಯ ಗೊತ್ತುಮಾಡಿಕೊಂಡು ಹೋಗಬಹುದು. ಅಲ್ಲಿ ಸೀಲು ಒಂದಕ್ಕೆ 50 ಡಾಲರ್.

ಕೊನೆಗೆ ನೋಟರಿಯ ಕಣ್ಣು

ಒಮ್ಮೆ ಹಿರಿಯರೊಬ್ಬರ ಚೀಟಿ ಪಾಸಾಗಿತ್ತು, ಪ್ರಶ್ನೆಗಳಿಗೆಲ್ಲ ಉತ್ತರ ಸರಿಯಿತ್ತು. ನನ್ನ ಪರದೆಯಲ್ಲಿ ಎಲ್ಲವೂ ಹಸಿರು. ವಿಡಿಯೊ ತೆರೆದ ಮೇಲೆ, ನಾನು ಏನು ಕೇಳಿದರೂ ಅವರ ಕಣ್ಣು ಮೊದಲು ಎಡಕ್ಕೆ ಹೋಗುತ್ತಿತ್ತು. ಅವರ ಮಾತಿನಲ್ಲಿ ನಮ್ಮ ಕಡೆಯ ಒತ್ತು ಕೇಳಿಸಿ, ಕನ್ನಡದಲ್ಲೇ ಕೇಳಿದೆ: “ಸರ್, ಈ ಕಾಗದಕ್ಕೆ ಸಹಿ ಹಾಕಿದ್ರೆ ಏನಾಗುತ್ತೆ, ನೀವೇ ಹೇಳ್ತೀರಾ?” ಅವರು ತುಸು ಹೊತ್ತು ಸುಮ್ಮನಿದ್ದು, “ಹಾಕು ಅಂದಿದಾನಮ್ಮ ಮಗ” ಅಂದರು. ಕ್ಯಾಮೆರಾವನ್ನು ಕೋಣೆಯ ಸುತ್ತ ತಿರುಗಿಸಲು ಹೇಳಿದೆ. ಬಾಗಿಲ ಪಕ್ಕ ಮಗ ಕೂತಿದ್ದ, ತೊಡೆಯ ಮೇಲೆ ಅಪ್ಪನ ಹಳೆಯ ವಿಳಾಸಗಳನ್ನು ಬರೆದ ಹಾಳೆ. ನಾನು ಸೀಲು ಹಾಕದೆ ಕರೆ ಮುಗಿಸಿದೆ.

ಇಂಥದ್ದು ಯಂತ್ರಕ್ಕೆ ತಿಳಿಯದು, ಐದು ಪ್ರಶ್ನೆಗೂ ಉತ್ತರ ಗೊತ್ತಿರುವವರು ಮನೆಯೊಳಗೇ ಇರುತ್ತಾರಲ್ಲ. ಅದಕ್ಕೇ ಕೋಣೆಯಲ್ಲಿ ಒಬ್ಬರೇ ಕೂತುಕೊಳ್ಳಿ. ಮುಖದ ಮೇಲೆ ಬೆಳಕಿರಲಿ, ಮೂಲ ಚೀಟಿ ಕೈಗೆಟಕುವಂತಿರಲಿ. ಇಡೀ ಕರೆ ರೆಕಾರ್ಡ್ ಆಗುತ್ತದೆ. ಟೆಕ್ಸಸ್‌ನಲ್ಲಿ ಅದನ್ನು ವರ್ಷಗಟ್ಟಲೆ ಇಡಬೇಕು. ಸಮಯವನ್ನೂ ಲೆಕ್ಕ ಹಾಕಿಕೊಳ್ಳಿ: ಬೇಸಿಗೆಯಲ್ಲಿ ಡಲ್ಲಾಸ್‌ನ ಬೆಳಿಗ್ಗೆ 9 ಅಂದರೆ ಮೈಸೂರಿನಲ್ಲಿ ಸಂಜೆ ಏಳೂವರೆ.

ಕರ್ನಾಟಕದ ಸೈಟಿಗಾದರೆ

ಅಮೆರಿಕದಲ್ಲಿ ಕೂತು ಇಲ್ಲಿನ ಸೈಟಿಗೆ ಜಿಪಿಎ (ನಿಮ್ಮ ಪರವಾಗಿ ವ್ಯವಹರಿಸಲು ಬೇರೆಯವರಿಗೆ ಕೊಡುವ ಅಧಿಕಾರ ಪತ್ರ) ಕೊಡುವವರು ಈ ಆನ್‌ಲೈನ್ ನೋಟರಿಯನ್ನು ನಂಬಿಕೊಳ್ಳಬೇಡಿ. ಕಾಗದದ ಮೇಲೆ ಶಾಯಿಯಲ್ಲಿ, ಭಾರತೀಯ ಕಾನ್ಸುಲೇಟಿನಲ್ಲಿ ಸಹಿ ಹಾಕಿ ಕಳಿಸಿ. ಟೆಕ್ಸಸ್‌ನವರಿಗೆ ಅದು ಹ್ಯೂಸ್ಟನ್‌ನಲ್ಲಿದೆ. ಪತ್ರ ಕರ್ನಾಟಕಕ್ಕೆ ಬಂದು ತಲುಪಿದ ಮೂರು ತಿಂಗಳೊಳಗೆ ಇಲ್ಲಿ ಮುದ್ರಾಂಕ ಶುಲ್ಕ ಕಟ್ಟಿಸಲು ಮನೆಯವರಿಗೆ ಹೇಳಿ.