ಎರಡು ಗೆರಟೆ, ಒಂದಷ್ಟು ಮಂಜೊಟ್ಟಿ: ಮೆಂಡೆಲನ ಲೆಕ್ಕ ಮನೆಯಲ್ಲೇ ಮಾಡಿ

ಚೆನ್ನಾಗಿ ಕಾಯಿ ಬಿಡುವ ಸಂಕರ (ಎರಡು ತಳಿ ಕೂಡಿಸಿದ) ತೆಂಗಿನ ಮರದಿಂದಲೇ ಬೀಜದ ಕಾಯಿ ಇಳಿಸಿ ನೆಟ್ಟರೆ ಅಂಥದ್ದೇ ಮರ ಬರಬೇಕಲ್ವಾ? ನಾವೂ ಹಾಗೇ ಅಂದುಕೊಂಡು ಆರು ಸಸಿ ಮಾಡಿದೆವು. ಈಗ ಒಂದು ಗಿಡ್ಡ, ಎರಡು ಸುಮ್ನೆ ಮೇಲಕ್ಕೇ ಹೋಗುತ್ತಿವೆ, ಕಾಯಿಯ ಬಣ್ಣ ಒಂದರದ್ದು ಇನ್ನೊಂದಕ್ಕಿಲ್ಲ. ಅಪ್ಪ ಮಣ್ಣಿಗೆ ಬೈದರು. ಪಾಪ, ಮಣ್ಣು ಏನು ಮಾಡೀತು?

ಕಾರಣ ತಿಳಿಯಲು ಎರಡು ಗೆರಟೆ ಮತ್ತು ಚೆನ್ನೆಮಣೆ ಆಟದ ಕೆಂಪು ಮಂಜೊಟ್ಟಿ ಕಾಳು 80 ಬೇಕು. ಅರ್ಧ ಕಾಳಿಗೆ ಎಲೆಯಡಿಕೆಯ ಸುಣ್ಣದ ಬೊಟ್ಟಿಟ್ಟು ಒಣಗಿಸಿ. ಮೊದಲ ಸಲ ನಾವು ಬೊಟ್ಟಿನ ಬದಲು ಹುಣಸೆ ಬೀಜ ಬೆರೆಸಿದ್ದೆವು. ಕಣ್ಣು ಮುಚ್ಚಿದರೂ ಬೆರಳಿಗೆ ಗೊತ್ತಾಗಿಬಿಡುತ್ತದೆ, ಲೆಕ್ಕ ಕೆಡುತ್ತದೆ.

ಒಂದು ಗೆರಟೆ ತಾಯಿ, ಇನ್ನೊಂದು ತಂದೆ. ಬರಿ ಕೆಂಪು ಕಾಳು ಅಂದರೆ ಎತ್ತರದ ಗುಣ, ಬೊಟ್ಟಿನ ಕಾಳು ಗಿಡ್ಡದ್ದು. ಪ್ರತಿ ಮಗುವಿಗೂ ಎರಡು ಕಾಳು, ಎರಡೂ ಕಡೆಯಿಂದ ಒಂದೊಂದು. ಜೋಡಿಯಲ್ಲಿ ಒಂದು ಬರಿ ಕೆಂಪು ಇದ್ದರೂ ಗಿಡ ಎತ್ತರವೇ.

ಮೊದಲು ಒಂದರಲ್ಲಿ ಬರಿ ಕೆಂಪು, ಇನ್ನೊಂದರಲ್ಲಿ ಬರಿ ಬೊಟ್ಟು ಹಾಕಿ ತೆಗೆಯಿರಿ. ಎಷ್ಟು ಸಲ ತೆಗೆದರೂ ಒಂದು ಕೆಂಪು, ಒಂದು ಬೊಟ್ಟು. ಮಕ್ಕಳೆಲ್ಲ ಎತ್ತರ. ಗಿಡ್ಡದ ಗುಣ ಒಳಗೆ ಕೂತಿದೆ, ಕಾಣುವುದಿಲ್ಲ ಅಷ್ಟೆ.

ಈಗ ಎರಡೂ ಗೆರಟೆಗೆ 20 ಕೆಂಪು, 20 ಬೊಟ್ಟು. ಕಣ್ಣು ಮುಚ್ಚಿ ಒಂದೊಂದು ತೆಗೆದು ಬರೆದುಕೊಳ್ಳಿ. ತೆಗೆದ ಕಾಳನ್ನು ಅದೇ ಗೆರಟೆಗೆ ವಾಪಸ್ ಹಾಕಿ ಕಲಸಬೇಕು, ಮರೆಯಬೇಡಿ. ಹತ್ತು ಸಲ ಆದಾಗ ನಮಗೆ ಬೊಟ್ಟು-ಬೊಟ್ಟು ಜೋಡಿ ಒಂದೂ ಬಂದಿರಲಿಲ್ಲ. "ಮಾವ, ಇದು ಸುಳ್ಳು ಲೆಕ್ಕ" ಅಂದಳು ತಂಗಿಯ ಮಗಳು. 40 ಮುಗಿಸಿ ನೋಡಿದರೆ ಕೆಂಪು-ಕೆಂಪು 8, ಮಿಶ್ರ 23, ಬೊಟ್ಟು-ಬೊಟ್ಟು 9. ಅಂದರೆ ಎತ್ತರ 31, ಗಿಡ್ಡ 9. ಹೆಚ್ಚುಕಮ್ಮಿ ಮೂರು ಎತ್ತರಕ್ಕೆ ಒಂದು ಗಿಡ್ಡ.

ಈಗಿನ ಚೆಕ್ ದೇಶದ ಬ್ರನೋ ಊರಿನ ಮಠದಲ್ಲಿ ಪಾದ್ರಿ ಗ್ರೆಗರ್ ಮೆಂಡೆಲ್ ಬಟಾಣಿ ಗಿಡದಲ್ಲಿ ಕಂಡದ್ದೂ ಇದನ್ನೇ: ಎತ್ತರ 787, ಗಿಡ್ಡ 277. 1856ರಿಂದ ಎಂಟು ವರ್ಷ ಎಣಿಸಿದ ಮನುಷ್ಯ. ಹತ್ತಕ್ಕೇ ನಿಲ್ಲಿಸಿದ್ದರೆ ಅವನಿಗೂ ಏನೂ ಸಿಗುತ್ತಿರಲಿಲ್ಲ. 1866ರಲ್ಲಿ ಅಚ್ಚಾದ ಅವನ ಬರಹದ ಬೆಲೆ ಜನಕ್ಕೆ ತಿಳಿದದ್ದು 1900ರಲ್ಲಿ, ಅವನು ತೀರಿಕೊಂಡು 16 ವರ್ಷವಾದ ಮೇಲೆ.

ಉತ್ಸಾಹ ಉಳಿದಿದ್ದರೆ ಬೀಜದ ಬಣ್ಣಕ್ಕೆ ಬೇರೆ ಎರಡು ಗೆರಟೆ ಇಟ್ಟು ಎರಡು ಗುಣ ಒಟ್ಟಿಗೆ ಆಡಿ. ಎರಡೂ ಗುಣ ಸೇರಿ ಆಗುವ ನಾಲ್ಕು ಬಗೆಯ ಗಿಡಗಳ ಲೆಕ್ಕ 9:3:3:1ರ ಹತ್ತಿರ ಬರುತ್ತದೆ, ಆದರೆ ನೂರಾರು ಸಲ ತೆಗೆಯಬೇಕು. ಒಂದೇ ಕ್ರೋಮೋಸೋಮಿನಲ್ಲಿ (ಜೀವಕೋಶದೊಳಗೆ ಗುಣಗಳನ್ನು ಹೊತ್ತ ಎಳೆ) ಅಕ್ಕಪಕ್ಕ ಕೂತ ಗುಣಗಳಿಗೆ ಈ ಲೆಕ್ಕ ನಡೆಯುವುದಿಲ್ಲ.

ಇನ್ನು ನಮ್ಮ ತೆಂಗು. ನಮ್ಮದೇ ಕಾಸರಗೋಡು ಜಿಲ್ಲೆಯ ನೀಲೇಶ್ವರದಲ್ಲಿ 1932ರಲ್ಲೇ ಎತ್ತರದ ತಳಿಗೂ ಗಿಡ್ಡ ತಳಿಗೂ ಸಂಕರ ಮಾಡಿದ್ದರು. ಅಂಥ ಸಂಕರ ಮರದ ಮೈಯೆಲ್ಲ ಮಿಶ್ರ ಜೋಡಿ. ಅದರ ಕಾಯಿ ನೆಡುವುದೆಂದರೆ ಕಲಸಿದ ಗೆರಟೆಗೆ ಕೈ ಹಾಕಿದ ಹಾಗೆ. ತೆಂಗಿನ ಎತ್ತರ, ಇಳುವರಿ ಒಂದೇ ಜೋಡಿಯ ಕೆಲಸವೂ ಅಲ್ಲ, ಹಲವು ಜೀನ್ (ನಮ್ಮ ಆಟದ ಕಾಳಿನ ಹಾಗೆ ಗುಣ ಹೊತ್ತವು) ಸೇರಿ ಆಗುವಂಥದ್ದು. ಹಾಗಾಗಿ ಮೂರಕ್ಕೆ ಒಂದು ಎಂಬ ಅಂದಾಜೂ ಸಿಗದು, ಎಲ್ಲಾ ಚೆಲ್ಲಾಪಿಲ್ಲಿ.

ಸಂಕರ ಬೇಕಾದರೆ ಪ್ರತಿ ಸಲವೂ ಮೂಲ ತಳಿಗಳನ್ನೇ ಕೂಡಿಸಿದ ಸಸಿ ತರಬೇಕು. ಕಾಸರಗೋಡಿನ ಸಿಪಿಸಿಆರ್‌ಐ (ಕೇಂದ್ರ ತೋಟದ ಬೆಳೆಗಳ ಸಂಶೋಧನಾ ಸಂಸ್ಥೆ) ಬಿಡುಗಡೆ ಮಾಡಿದ ಚಂದ್ರಸಂಕರ ಎಂಬ ತೆಂಗಿನ ತಾಯಿ ಕಿತ್ತಳೆ ಬಣ್ಣದ ಗಿಡ್ಡ ತಳಿ, ತಂದೆ ಊರಿನ ಎತ್ತರದ ಮರ. ಸಸಿ ಕೊಳ್ಳುವಾಗ ಎಲೆಯ ತೊಟ್ಟು ನೋಡಿ. ಕಂದು ಛಾಯೆ ಇದ್ದರೆ ಸಂಕರ. ತೊಟ್ಟು ಕಿತ್ತಳೆಯಾಗಿಯೇ ಇದ್ದರೆ ತಾಯಿಮರದ್ದೇ ಪರಾಗ ಬಿದ್ದಿದೆ ಎಂದರ್ಥ. ಅದನ್ನು ಅಲ್ಲೇ ಬಿಟ್ಟು ಪಕ್ಕದ್ದನ್ನು ಆರಿಸಿ.